ಕತ್ತೆಯ ಮೇಲೆ ಕೂತ ಕೇಡು: ಒಂದು ಕಲ್ಪಿತ ಪಂಥವನ್ನು ಗೆಟ್ಟವಾಡಿಯಿಂದ ಓದುವುದು

1

ಇಂಗ್ಲಿಷಿನ ಅದ್ಭುತ ಕಥನಗಳಲ್ಲಿಯೂ ಅವನ್ನು ಆಧರಿಸಿದ ಆಟಗಳಲ್ಲಿಯೂ ಮತ್ತೆ ಮತ್ತೆ ತಲೆದೋರುವ ಒಂದು ಪಂಥವಿದೆ. ಅದರ ದೈವ ಕೇಡಿನ ದೈವ. ಅದು ಭಕ್ತರಿಗೆ ಕೊಡುವ ವರ ಸಾವಿನಿಂದ ಬಿಡುಗಡೆ. ಈ ಪಂಥದ ಹೆಸರು ಕೃತಿಯಿಂದ ಕೃತಿಗೆ ಬದಲಾಗುತ್ತದೆ, ರಚನೆ ಅಷ್ಟಾಗಿ ಬದಲಾಗುವುದಿಲ್ಲ. ಇದನ್ನು ಕನ್ನಡದಲ್ಲಿ ವಿವರಿಸಲು ಹೊರಟವರಿಗೆ ಮೊದಲ ಮಾತಿನಲ್ಲೇ ತೊಡಕು ಎದುರಾಗುತ್ತದೆ. ‘ಅನ್‌ಡೆಡ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

‘ಅಮರ’ ಎಂದರೆ ಅದು ದೇವತೆಗಳಿಗೆ ಸಲ್ಲುವ ಹೆಸರು. ‘ಚಿರಂಜೀವಿ’ ಎಂದರೆ ಅದು ಹರಕೆ. ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿನ ಹಿಂದೆ ಅಚ್ಚಾಗುವ ಪದ. ‘ಪ್ರೇತ’ದ ಮೂಲಾರ್ಥ ಮುಂದೆ ಹೋದವನು ಎಂದಷ್ಟೆ. ‘ಭೂತ’ವೆಂದರೆ ಆಗಿಹೋದದ್ದು, ವ್ಯಾಕರಣದಲ್ಲಿ ಅದೊಂದು ಕಾಲ. ‘ದೆವ್ವ’ವಂತೂ ದೈವ ಎಂಬ ಪದದ ನೆರೆಮನೆಯದೇ. ಇವುಗಳಲ್ಲಿ ಒಂದೊಂದೂ ಸಾವಿನ ಆಚೆಗಿನ ಒಂದು ಸ್ಥಿತಿಯನ್ನು ಹೇಳುತ್ತದೆ. ಆದರೆ ಆ ಸ್ಥಿತಿಯೇ ಕೇಡು ಎಂದು ಯಾವುದೂ ತೀರ್ಪು ಕೊಡುವುದಿಲ್ಲ. ಈ ಕೊರತೆಯನ್ನು ನಿಘಂಟಿನ ಬಡತನವೆಂದು ತಿಳಿದು ಹೊಸ ಪದವೊಂದನ್ನು ಟಂಕಿಸಿ ಮುಂದೆ ಸಾಗಬಹುದು. ಈ ಬರಹ ಹಾಗೆ ಮಾಡುವುದಿಲ್ಲ. ಪದವಿಲ್ಲದಿರುವುದು ಸಾವನ್ನೂ ಕೇಡನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟ ಒಂದು ಲೋಕದೃಷ್ಟಿಯ ಗುರುತು ಎಂಬುದು ಇಲ್ಲಿನ ವಾದ.

ಈ ವಾದವನ್ನು ಗೆಟ್ಟವಾಡಿಯಲ್ಲಿ ನಿಂತು ಮಂಡಿಸುವುದಕ್ಕೆ ಕಾರಣವಿದೆ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ಮನೆಯ ಮಾತು ಕನ್ನಡ. ಆಡಳಿತದ ಮಾತು ತಮಿಳು. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಶಾಲೆಯಲ್ಲಿ ತಮಿಳು ಎಲ್ಲ ಮಕ್ಕಳಿಗೂ ಕಡ್ಡಾಯ. ಅಲ್ಲಿಯ ಮಗುವಿಗೆ ಮಾದಪ್ಪನ ಕತೆ ಅಜ್ಜಿಯಿಂದ ಕನ್ನಡದಲ್ಲಿ ಬರುತ್ತದೆ, ಪಾಠ ತಮಿಳಿನಲ್ಲಿ ಬರುತ್ತದೆ, ಕೇಡಿನ ದೇವರ ಚಿತ್ರ ಕೈಯ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ. ಈ ಮೂರರಲ್ಲಿ ಯಾವುದು ಯಾವುದನ್ನು ಅರ್ಥೈಸುತ್ತದೆ ಎಂಬ ಪ್ರಶ್ನೆ ಕೇವಲ ಸಾಹಿತ್ಯದ್ದಲ್ಲ. ತೆರೆಯ ಮೇಲಿನ ಪರಿಭಾಷೆಯಿಂದ ಅಜ್ಜಿಯ ದೈವಗಳನ್ನು ವಿಂಗಡಿಸುವ ದಿನ ಬಂದರೆ, ಭಾಷೆ ಉಳಿದೂ ಅದರ ವಿವೇಕ ಹೋಗಿರುತ್ತದೆ.

2

ಮೊದಲು ಆ ಪಂಥದ ಅತ್ಯುತ್ತಮ ರೂಪವನ್ನೇ ನೋಡೋಣ. ಜೆ.ಆರ್.ಆರ್. ಟೋಲ್ಕಿನ್ನರ ಮರಣಾನಂತರ 1977ರಲ್ಲಿ, ಅವರ ಮಗ ಕ್ರಿಸ್ಟೋಫರ್ ಸಂಪಾದಿಸಿ ಪ್ರಕಟಿಸಿದ ‘ದಿ ಸಿಲ್ಮರಿಲಿಯನ್’ ಸಂಪುಟದಲ್ಲಿ ‘ಅಕಲ್ಲಬೇತ್’ ಎಂಬ ಭಾಗವಿದೆ. ನ್ಯೂಮೆನೋರ್ ಎಂಬ ದ್ವೀಪರಾಜ್ಯದ ಪತನ ಅದರ ವಸ್ತು. ಅಲ್ಲಿನ ಜನ ದೀರ್ಘಾಯುಗಳು, ಬಲಶಾಲಿಗಳು. ಆದರೆ ಆಯಸ್ಸು ಹೆಚ್ಚಿದಷ್ಟೂ ಸಾವಿನ ಭಯ ಹೆಚ್ಚುತ್ತದೆ. ಟೋಲ್ಕಿನ್ನರ ಲೋಕದಲ್ಲಿ ಸಾವು ಮನುಷ್ಯನಿಗೆ ಸೃಷ್ಟಿಕರ್ತ ಕೊಟ್ಟ ಕೊಡುಗೆ. ಆ ಕೊಡುಗೆ ಶಿಕ್ಷೆಯಂತೆ ಕಾಣತೊಡಗುವುದೇ ಕೇಡಿನ ಮೊದಲ ಗೆಲುವು.

ಆರ್-ಫರಜೋನ್ ಎಂಬ ಗರ್ವಿಷ್ಠ ದೊರೆ ಸೌರಾನನನ್ನು ಸೆರೆಹಿಡಿದು ತರುತ್ತಾನೆ. ಮೂರು ವರ್ಷ ತುಂಬುವುದರೊಳಗೆ ಸೆರೆಯಾಳು ರಾಜನ ಕಿವಿಗೆ ಎಲ್ಲರಿಗಿಂತ ಹತ್ತಿರದವನಾಗುತ್ತಾನೆ. ಕತ್ತಲೆಯ ಒಡೆಯ ಮೆಲ್ಕೋರನೇ ನಿಜವಾದ ದೇವರೆಂದು ನಂಬಿಸುತ್ತಾನೆ. ರಾಜಧಾನಿಯ ನಡುವೆ ಐನೂರು ಅಡಿ ಅಗಲ, ಐನೂರು ಅಡಿ ಎತ್ತರದ ಗುಡಿ ಏಳುತ್ತದೆ. ಅದಕ್ಕೆ ಬೆಳ್ಳಿಯ ಗುಮ್ಮಟ. ಅಲ್ಲಿನ ಬೆಂಕಿಗೆ ಮೊದಲ ಆಹುತಿ ನಿಮ್ಲೋತ್ ಎಂಬ ಬಿಳಿಯ ಪವಿತ್ರ ಮರ, ಆಮೇಲೆ ಮನುಷ್ಯರು. ಸಾವಿನಿಂದ ತಮ್ಮನ್ನು ಬಿಡಿಸು ಎಂದು ಬೇಡುತ್ತ ಬೇರೆಯವರನ್ನು ಸುಡುವುದು ಈ ಪಂಥದ ಪೂಜಾಕ್ರಮ. ಸಾವು ಮಾತ್ರ ದೂರವಾಗುವುದಿಲ್ಲ. ಮೊದಲಿಗಿಂತ ಬೇಗ, ಹಲವು ಭೀಕರ ರೂಪಗಳಲ್ಲಿ ಬರತೊಡಗುತ್ತದೆ.

ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ವಿವರ ಇಲ್ಲಿದೆ. ಬಲಿಯಾಗುವವರಲ್ಲಿ ಹೆಚ್ಚಿನವರು ಹಳೆಯ ನಿಷ್ಠೆಯನ್ನು ಬಿಡದವರು. ಆದರೆ ಮೆಲ್ಕೋರನನ್ನು ಪೂಜಿಸಲಿಲ್ಲ ಎಂಬ ಆರೋಪ ಅವರ ಮೇಲೆ ಬಹಿರಂಗವಾಗಿ ಎಂದೂ ಬರುವುದಿಲ್ಲ. ರಾಜದ್ರೋಹಿಗಳು, ಬಂಧುಗಳ ವಿರುದ್ಧ ಸಂಚು ಹೂಡಿದವರು, ವಿಷವಿಕ್ಕುವವರು ಎಂದು ದೂರು ಹುಟ್ಟಿಸಲಾಗುತ್ತದೆ. ಆ ದೂರುಗಳು ಬಹುಪಾಲು ಸುಳ್ಳು. ಅಂದರೆ ಈ ಪಂಥ ನಡೆಯುವುದು ಮಂತ್ರಬಲದಿಂದಲ್ಲ, ಚಾಡಿಯಿಂದ. ಈ ಮಾತಿಗೆ ಮತ್ತೆ ಬರುತ್ತೇನೆ.

ಟೋಲ್ಕಿನ್ನರ ನಂತರ ಇದೇ ಸಾಮಗ್ರಿ ಆಟದ ಪಟ್ಟಿಯಾಯಿತು. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಪಾತ್ರಗಳ ನೈತಿಕ ನಿಲುವನ್ನು ಮೊದಲೇ ಗೊತ್ತುಮಾಡುವ ಪದ್ಧತಿಯನ್ನು ರೂಢಿಗೆ ತಂದಿತು. ಆ ದಶಕದ ಕೊನೆಯ ಹೊತ್ತಿಗೆ ಅದು ಒಂಬತ್ತು ಮನೆಗಳ ಕೋಷ್ಟಕವಾಗಿತ್ತು. ಕೇಡು ಒಂದು ಕೃತ್ಯವಾಗಿ ಉಳಿಯದೆ ಜನ್ಮಗುಣವಾಯಿತು. ಸತ್ತೂ ನಡೆಯುವ ದೇಹಗಳ ಒಡೆಯನೆಂದು ಆ ಆಟ ಆರ್ಕಸ್ ಎಂಬ ರಾಕ್ಷಸರಾಜನನ್ನು ಮುಂದಿಟ್ಟಿತು. ಆರ್ಕಸ್ ರೋಮನ್ನರ ಪಾತಾಳದೇವತೆಯೊಬ್ಬನ ಹೆಸರು. ಒಂದು ಕಾಲದ ದೈವ ಮತ್ತೊಂದು ಕಾಲದ ಪಿಶಾಚಿಯಾಗುವ ದಾರಿ ಹೀಗೆ ಹೆಸರಿನಲ್ಲೇ ಉಳಿದಿದೆ. ಟೋಲ್ಕಿನ್ ‘ಜನ ಯಾಕೆ ಇಂಥ ದೈವಕ್ಕೆ ಅಡ್ಡಬೀಳುತ್ತಾರೆ?’ ಎಂದು ಕೇಳಿದ್ದರು. ಕೋಷ್ಟಕ ಆ ಪ್ರಶ್ನೆಯನ್ನೇ ಕೈಬಿಟ್ಟಿತು: ಅವರು ಕೆಟ್ಟವರು, ಆದ್ದರಿಂದ ಅಡ್ಡಬೀಳುತ್ತಾರೆ.

3

ಈ ಕೋಷ್ಟಕ ನಮಗೆ ಹೊಸತಲ್ಲ. ಆಟಗಳಿಗಿಂತ ನೂರು ವರ್ಷ ಮೊದಲೇ ಅದು ನಮ್ಮ ಮೇಲೆ ಪ್ರಯೋಗವಾಗಿತ್ತು. ರಾಬರ್ಟ್ ಕಾಲ್ಡ್‌ವೆಲ್ 1849ರಲ್ಲಿ ತಿರುನೆಲ್ವೇಲಿಯ ಶಾಣಾರರ ಆರಾಧನೆಯನ್ನು ಪಿಶಾಚಪೂಜೆ ಎಂದು ವಿವರಿಸಿದರು. ಎ.ಸಿ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳೂ ಭೂತಾರಾಧನೆಯ ವಿವರಗಳೂ ಅವರ ಮರಣಾನಂತರ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತುಗಳಾಗಿ ಬಂದವು, ಆ ಮಾಲೆಗೆ ಕೊಟ್ಟ ಶೀರ್ಷಿಕೆಯ ಅರ್ಥ ‘ತುಳುವರ ಪಿಶಾಚಪೂಜೆ’. ಒಳಗಿನ ಸಾಮಗ್ರಿ ಅಮೂಲ್ಯ. ಅಲ್ಲಿ ಅನ್ಯಾಯವಾಗಿ ಸತ್ತವರು ದೈವವಾಗಿ ಬಂದು ನ್ಯಾಯ ಕೇಳುತ್ತಾರೆ, ಊರಿನ ವ್ಯಾಜ್ಯಗಳನ್ನು ತೀರಿಸುತ್ತಾರೆ. ಆದರೆ ಮೇಲಿನ ಹಣೆಪಟ್ಟಿ ಒಳಗಿನ ಸಾಕ್ಷ್ಯಕ್ಕೆ ವಿರುದ್ಧವಾಗಿದೆ. ನ್ಯಾಯ ಕೇಳುವ ಸತ್ತವನನ್ನು ಪಿಶಾಚಿ ಎಂದರೆ, ಅವನನ್ನು ಕೊಂದವನ ಬಗ್ಗೆ ಏನನ್ನೂ ಹೇಳಬೇಕಾಗಿಲ್ಲ.

ಈ ಹಣೆಪಟ್ಟಿ ಪರಕೀಯರದು ಮಾತ್ರವೆಂದು ಹೇಳಿ ನಾವು ನಿರಾಳರಾಗುವಂತಿಲ್ಲ. ‘ಕ್ಷುದ್ರದೇವತೆ’ ಎಂಬ ಪದ ನಮ್ಮ ಪಂಡಿತರದೇ. ಮಾಂಸ ಉಣ್ಣುವ, ಹೆಂಡ ಕುಡಿಯುವ, ಕೇರಿಯಲ್ಲಿ ನೆಲೆಸುವ ದೈವವನ್ನು ಕೆಳಗಿಟ್ಟ ಶ್ರೇಣೀಕರಣ ಬರ್ನೆಲ್ಲರಿಗಿಂತ ಹಳೆಯದು. ಇಂದು ಕೋಷ್ಟಕದ ಭಾಷೆಯಲ್ಲಿ ಮಾರಿಯನ್ನೂ ಮಸಣಿಯನ್ನೂ ‘ಕತ್ತಲ ದೇವತೆ’ಗಳೆಂದು ಕರೆಯುವವರು ಈ ಎರಡೂ ಹಣೆಪಟ್ಟಿಗಳಿಗೆ ಏಕಕಾಲದಲ್ಲಿ ವಾರಸುದಾರರು.

4

ಹಾಗಾದರೆ ಈ ಸೀಮೆಯ ಕಥನಗಳು ಸಾವಿಲ್ಲದಿರುವುದನ್ನೂ ಕೇಡನ್ನೂ ಹೇಗೆ ಕಂಡಿವೆ? ಮೂರು ಆಕೃತಿಗಳನ್ನು ಗಮನಿಸಬಹುದು.

ಮೊದಲನೆಯದು ಬಲಿ. ಅವನು ಅಸುರ, ಪಾತಾಳದ ಒಡೆಯ, ಏಳು ಚಿರಂಜೀವಿಗಳಲ್ಲಿ ಒಬ್ಬ. ಕೋಷ್ಟಕದ ಪ್ರಕಾರ ನೋಡಿದರೆ ನೆಲದಡಿಯ ಸಾವಿಲ್ಲದ ಅಸುರನ ಪೂಜೆಗಿಂತ ಭಯಂಕರವಾದದ್ದು ಬೇರೊಂದಿಲ್ಲ. ಆದರೆ ದೀಪಾವಳಿಯ ಪಾಡ್ಯಮಿಯಂದು ಕನ್ನಡ ನಾಡಿನ ಹಟ್ಟಿಹಟ್ಟಿಗಳಲ್ಲಿ ಸಗಣಿಯ ಗುಪ್ಪೆಗೆ ಹೂ ಸಿಕ್ಕಿಸಿ ಅವನನ್ನು ಬರಮಾಡಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಬರುವ ನೆಂಟ ಅವನು. ಅವನ ಸಾವಿಲ್ಲದಿಕೆ ಯಾರ ಆಯಸ್ಸನ್ನೂ ಕದ್ದು ಪಡೆದದ್ದಲ್ಲ. ಕೊಟ್ಟ ಮಾತಿಗೆ ತಪ್ಪದೆ ಎಲ್ಲವನ್ನೂ ಕಳೆದುಕೊಂಡವನಿಗೆ ಉಳಿದದ್ದು. ಹಿರಿಯರಿಗೆ ಎಡೆ ಇಡುವ ಪದ್ಧತಿಯೂ ಇದೇ ತರ್ಕದ್ದು. ಸತ್ತವರು ಹಿಂತಿರುಗುತ್ತಾರೆ, ಹಸಿದು ಬರುತ್ತಾರೆ, ಉಂಡು ಹೋಗುತ್ತಾರೆ. ಅವರಲ್ಲಿ ಇರುವುದು ಹಸಿವು, ಹಗೆಯಲ್ಲ.

ಎರಡನೆಯದು ಮಂಟೇಸ್ವಾಮಿ. ನೀಲಗಾರರು ತಂಬೂರಿ ಹಿಡಿದು ಹಾಡುವ ಈ ಕಾವ್ಯದಲ್ಲಿ ಪರಂಜ್ಯೋತಿ ಸ್ವರೂಪನಾದ ಗುರು ಕಲ್ಯಾಣಕ್ಕೆ ಬರುವುದು ಕುಷ್ಠರೋಗಿಯಾಗಿ. ಕೀವು ಸೋರುವ, ನೊಣ ಮುತ್ತುವ ಮೈ. ವಿಭೂತಿ ಬಳಿದ ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ. ಬಸವಣ್ಣ, ನೀಲಮ್ಮ ಅವನನ್ನು ಗುರುತಿಸುತ್ತಾರೆ. ಅದ್ಭುತ ಕಥನಗಳಲ್ಲಿ ಕೊಳೆತ ದೇಹ ಕೇಡಿನ ಅಚ್ಚೊತ್ತಿದ ಗುರುತು. ಓದುಗ ನೋಡಿದೊಡನೆ ಕತ್ತಿ ಎತ್ತಬಹುದು, ವಿಚಾರಣೆ ಬೇಡ. ಇಲ್ಲಿ ಕೊಳೆತ ದೇಹವೇ ಪರೀಕ್ಷೆ. ಅಸಹ್ಯಪಟ್ಟವನು ಸೋಲುತ್ತಾನೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆ, ಕಪ್ಪಡಿಯ ರಾಚಪ್ಪಾಜಿ ಗದ್ದುಗೆ, ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಗದ್ದುಗೆಗಳಿಗೆ ಒಕ್ಕಲು ನಡೆದುಕೊಳ್ಳುವುದು ಅಲ್ಲಿ ಸತ್ತವರಿದ್ದಾರೆ ಎಂದಲ್ಲ, ಐಕ್ಯರಾದವರು ಇನ್ನೂ ಇದ್ದಾರೆ ಎಂದು. ಸಮಾಧಿಯೊಳಗಿನ ಬಾಳು ಇಲ್ಲಿ ಭಯಕ್ಕೆ ಎಡೆಮಾಡದೆ ಆಸರೆಗೆ ದಾರಿಯಾಗಿದೆ.

ಮೂರನೆಯದು ಶ್ರವಣ. ಮಲೆ ಮಹದೇಶ್ವರನ ಬೆಟ್ಟ ಇಂದು ಕರ್ನಾಟಕದಲ್ಲಿದೆ. ಆದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ತಾಳವಾಡಿಯೂ ಅದೇ ಜಿಲ್ಲೆಯಲ್ಲಿತ್ತು. ಗಡಿರೇಖೆ ಇವೆರಡನ್ನು ಬೇರೆ ಮಾಡಿದ್ದು ಮಾದಪ್ಪನ ಕತೆ ಹುಟ್ಟಿ ಎಷ್ಟೋ ಕಾಲದ ಮೇಲೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಈ ಕಾವ್ಯ ಪಿ.ಕೆ. ರಾಜಶೇಖರರ ಸಂಗ್ರಹದಿಂದ ಅಚ್ಚಿಗೆ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಪಾಠವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು, ಸಾಹಿತ್ಯ ಅಕಾಡೆಮಿ 2001ರಲ್ಲಿ ಅದನ್ನು ಪ್ರಕಟಿಸಿತು.

ಈ ಕಾವ್ಯದ ಮಹಾದುಷ್ಟ ಶ್ರವಣ ದೊರೆ. ಗಾಯಕರಿಂದ ಗಾಯಕರಿಗೆ ವಿವರ ಬದಲಾದರೂ ಅವನ ದುಷ್ಟತನದ ತಿರುಳು ಒಂದೇ: ಅವನು ದೇವತೆಗಳನ್ನು ಸೆರೆಹಿಡಿದು ಊಳಿಗಕ್ಕೆ ಹಚ್ಚಿದವನು. ಅವನ ಮೈ ಕೊಳೆತಿಲ್ಲ, ಅವನ ಅರಮನೆ ಕತ್ತಲಲ್ಲಿಲ್ಲ. ಬಿಟ್ಟಿ ದುಡಿಸಿಕೊಳ್ಳುವುದೇ ಇಲ್ಲಿ ಕೇಡಿನ ಪರಮಾವಧಿ. ಅವನ ಅಳಿವಿಗೆ ನೆಪವಾಗುವುದು ದಿವ್ಯಾಸ್ತ್ರವಲ್ಲ, ಹರಳಯ್ಯ ಮಾಡಿದ ಪಾದರಕ್ಷೆ. ಅವನನ್ನು ಅಳಿಸಿದ ಮಾದಪ್ಪನೂ ಅರಮನೆಯವನಲ್ಲ; ಸುತ್ತೂರು ಮಠದಲ್ಲಿ ರಾಗಿ ಬೀಸಿದವನು. ದುಡಿಮೆಯನ್ನು ಕಸಿದವನನ್ನು ದುಡಿಮೆಯೇ ಮುಗಿಸುತ್ತದೆ ಎಂಬ ಈ ನ್ಯಾಯ ಯಾವ ಕೋಷ್ಟಕದ ಮನೆಯಲ್ಲೂ ಕೂರುವುದಿಲ್ಲ.

ಈ ಮೂರನ್ನೂ ಒಟ್ಟಿಗಿಟ್ಟರೆ ಒಂದು ವಿನ್ಯಾಸ ಕಾಣುತ್ತದೆ. ಸಾವಿಲ್ಲದ ಅಸುರ ನೆಂಟನಾಗಿದ್ದಾನೆ, ಕೊಳೆತ ಮೈಯವನು ಗುರುವಾಗಿದ್ದಾನೆ, ಸಿಂಹಾಸನದ ಮೇಲಿನ ಆರೋಗ್ಯವಂತ ದೊರೆ ದುಷ್ಟನಾಗಿದ್ದಾನೆ. ಕೇಡಿನ ಗುರುತು ಮೈಯಲ್ಲಿಲ್ಲ, ಸಾವಿನಲ್ಲಿಲ್ಲ. ಇನ್ನೊಬ್ಬರ ಬಾಳನ್ನು ತನ್ನದಕ್ಕೆ ಹಚ್ಚಿಕೊಳ್ಳುವ ಅಧಿಕಾರದಲ್ಲಿದೆ. ಟೋಲ್ಕಿನ್ನರ ಆರ್-ಫರಜೋನ್ ಈ ವಿನ್ಯಾಸಕ್ಕೆ ಅಪರಿಚಿತನಲ್ಲ. ತನ್ನ ಸಾವಿಗೆ ಬದಲಾಗಿ ಪರರನ್ನು ಸುಡುವ ಅವನು ಶ್ರವಣನ ಸೋದರ. ಅನುವಾದವಾಗದೆ ಉಳಿಯುವುದು ಕೋಷ್ಟಕ ಮಾತ್ರ.

5

ಈಗ ಚಾಡಿಯ ಮಾತು. ಗೆಟ್ಟವಾಡಿ ಇರುವ ತಾಳವಾಡಿ ಸೀಮೆಯಲ್ಲೇ ಗುಮಟಾಪುರವಿದೆ. ಬಲಿಪಾಡ್ಯಮಿಯ ಮಾರನೆಯ ದಿನ ಅಲ್ಲಿ ಗೋರೆಹಬ್ಬ. ಮನೆಮನೆಗಳಿಂದ ಸಗಣಿ ತಂದು ಗುಡ್ಡೆ ಹಾಕುತ್ತಾರೆ. ಹುಲ್ಲಿನ ಮೀಸೆ-ಗಡ್ಡ ಕಟ್ಟಿದ ‘ಚಾಡಿಕೋರ’ನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಬೀರೇಶ್ವರನ ಪೂಜೆಯಾದ ಮೇಲೆ ಗಂಡಸರು ಸಗಣಿಯ ಉಂಡೆಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಚಾಡಿಕೋರನ ಪ್ರತಿಕೃತಿಯನ್ನು ಕೊನೆಗೆ ಸುಡುತ್ತಾರೆ. ಸಗಣಿ ಹೊಲಕ್ಕೆ ಗೊಬ್ಬರವಾಗುತ್ತದೆ.

ಪ್ರವಾಸಿ ಬರಹಗಳು ಇದನ್ನು ವಿಚಿತ್ರವೆಂದು ಬಣ್ಣಿಸಿ ಮುಂದೆ ಹೋಗುತ್ತವೆ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಊರು ವರ್ಷಕ್ಕೊಮ್ಮೆ ಸುಡಲು ಆರಿಸಿಕೊಂಡ ಕೇಡು ಯಾವುದು? ರಾಕ್ಷಸನಲ್ಲ, ಪಿಶಾಚಿಯಲ್ಲ, ಪಾತಾಳದ ಒಡೆಯನಲ್ಲ. ಅವನಿಗಂತೂ ಹಿಂದಿನ ದಿನವಷ್ಟೇ ಹೂ ಮುಡಿಸಿಯಾಗಿದೆ. ಸುಡುವುದು ಕೊಂಡೆಗಾರನನ್ನು. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಕೆಡಿಸಿ ಹಾಕುವವನನ್ನು. ನೂರಿನ್ನೂರು ಮನೆಗಳು ಒಂದೇ ನೀರು, ಒಂದೇ ಗೋಮಾಳ ಹಂಚಿಕೊಂಡು ಬಾಳುವ ಕಡೆ ಅದಕ್ಕಿಂತ ದೊಡ್ಡ ಕೇಡು ಇಲ್ಲ ಎಂಬುದು ಹಬ್ಬದ ತಿಳಿವಳಿಕೆ. ಅದನ್ನು ಸಿಂಹಾಸನದ ಮೇಲೆ ಕೂರಿಸದೆ ಕತ್ತೆಯ ಮೇಲೆ ಕೂರಿಸುವುದು ಅಷ್ಟೇ ಮುಖ್ಯ. ಐನೂರು ಅಡಿಯ ಗುಡಿ ಕಟ್ಟಿದರೆ ಕೇಡಿಗೆ ಗಾಂಭೀರ್ಯ ಬರುತ್ತದೆ. ಹುಲ್ಲಿನ ಮೀಸೆ ಕಟ್ಟಿದರೆ ಬರುವುದಿಲ್ಲ.

ಗುಮಟಾಪುರದ ಈ ಕಣ್ಣಿನಿಂದ ನೋಡಿದರೆ ‘ಅಕಲ್ಲಬೇತ್’ ಹೊಸದಾಗಿ ಕಾಣುತ್ತದೆ. ಸೌರಾನ್ ಮಾಂತ್ರಿಕನಾಗಿ ಗೆಲ್ಲುವುದಿಲ್ಲ; ಸೆರೆಯಾಳಾಗಿ ಬಂದು, ರಾಜನ ಕಿವಿಯಲ್ಲಿ ಉಸುರಿ, ನೆರೆಯವರ ಮೇಲೆ ಸುಳ್ಳು ದೂರು ಹುಟ್ಟಿಸಿ ಗೆಲ್ಲುತ್ತಾನೆ. ಆ ದ್ವೀಪದ ನಿಜವಾದ ಪೂಜಾರಿ ಚಾಡಿಕೋರ. ನ್ಯೂಮೆನೋರಿಗೆ ಇದ್ದ ಕೊರತೆ ಪಡೆಗಳದಲ್ಲ. ಅವನನ್ನು ಕತ್ತೆಯ ಮೇಲೆ ಕೂರಿಸಬಲ್ಲ ಒಂದು ಹಬ್ಬದ್ದು. ಆದ್ದರಿಂದಲೇ ಆ ಕತೆಗೆ ಸಮುದ್ರ ಉಕ್ಕಿ ನಾಡೇ ಮುಳುಗುವುದರ ಹೊರತು ಬೇರೆ ಮುಕ್ತಾಯ ಸಾಧ್ಯವಾಗಲಿಲ್ಲ. ಪ್ರಳಯ ಒಮ್ಮೆ ಬಂದು ಕೇಡನ್ನು ತೊಳೆದುಹಾಕುತ್ತದೆ. ಹಬ್ಬ ಮುಂದಿನ ವರ್ಷ ಮತ್ತೆ ಬರುತ್ತದೆ, ಏಕೆಂದರೆ ಚಾಡಿಕೋರನೂ ಮತ್ತೆ ಬರುತ್ತಾನೆಂದು ಊರಿಗೆ ಗೊತ್ತು. ಸಾವಿಲ್ಲದ ಕೇಡೆಂದು ಈ ಸೀಮೆಯಲ್ಲಿ ಏನನ್ನಾದರೂ ಕರೆಯಬಹುದಾದರೆ ಅದು ಇದೊಂದೇ.

6

ಇಲ್ಲಿಗೆ ನಿಲ್ಲಿಸಿದರೆ ಬರಹ ಸ್ವಪ್ರಶಂಸೆಯಾಗುತ್ತದೆ. ಎರಡು ಆಕ್ಷೇಪಗಳನ್ನು ಎದುರಿಸಲೇಬೇಕು.

ಒಂದು, ಹಬ್ಬ ಕತ್ತೆಯ ಮೇಲೆ ಕೂರಿಸುವುದು ಊರಿಗೆ ನಗಲು ಸಾಧ್ಯವಾದ ಕೇಡನ್ನು ಮಾತ್ರ. ಜಾತಿಯನ್ನು ಯಾವ ಊರೂ ಕತ್ತೆಯ ಮೇಲೆ ಕೂರಿಸಿದ್ದಿಲ್ಲ. ಹರಳಯ್ಯನ ಪಾದರಕ್ಷೆ ಕಾವ್ಯದಲ್ಲಿ ಶ್ರವಣನನ್ನು ಕೊಂದಿತು. ಕಾವ್ಯ ಕೇಳಿದವರ ಊರಿನಲ್ಲಿ ಹರಳಯ್ಯನ ಕೇರಿ ಹೊರಗೇ ಉಳಿಯಿತು. ಕಥನದ ವಿವೇಕ ಊರಿನ ವಿವೇಕವಾಗಿದೆ ಎಂದು ಭಾವಿಸುವುದು ಜಾನಪದ ವಿದ್ವಾಂಸರ ಹಳೆಯ ದೌರ್ಬಲ್ಯ.

ಎರಡು, ಸತ್ತವರಲ್ಲಿ ಹಗೆಯಿಲ್ಲ ಎಂಬ ಮಾತಿಗೆ ನಮ್ಮಲ್ಲೇ ಅಪವಾದಗಳಿವೆ. ಬಾಣಂತಿಯಾಗಿ ಸತ್ತವಳನ್ನು ದೆವ್ವವೆಂದು ಹೆದರಿದ್ದೂ, ಬದುಕಿರುವ ಹೆಂಗಸರ ಮೇಲೆ ಮಾಟದ ಆರೋಪ ಹೊರಿಸಿದ್ದೂ ಇದೇ ಸಂಸ್ಕೃತಿ. ಕರ್ನಾಟಕ 2017ರಲ್ಲಿ ಅಮಾನುಷ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆ ತರಬೇಕಾಯಿತು ಎಂಬುದೇ ಇದಕ್ಕೆ ಸಾಕ್ಷಿ. ಆದರೆ ಆ ಕಾಯಿದೆಯ ಹೆಸರಿನಲ್ಲಿ ‘ದುಷ್ಟ’ ಎಂಬ ವಿಶೇಷಣ ಅಂಟಿರುವುದು ಪದ್ಧತಿಗೆ. ದೈವ ದುಷ್ಟವೋ ಅಲ್ಲವೋ ಎಂದು ಅದು ಕೇಳುವುದಿಲ್ಲ. ಯಾರ ಮೈಗೆ ಏನು ಮಾಡಿದಿರಿ ಎಂದು ಕೇಳುತ್ತದೆ. ಕೇಡನ್ನು ಅಳೆಯಬೇಕಾದ ಕ್ರಮ ಇದೇ. ಬರ್ನೆಲ್ಲರ ಶೀರ್ಷಿಕೆಯೂ ಪಂಡಿತರ ‘ಕ್ಷುದ್ರ’ವೂ ಆಟದ ಕೋಷ್ಟಕವೂ ತಪ್ಪುವುದು ಇಲ್ಲಿಯೇ: ಅವು ಕೃತ್ಯವನ್ನು ಬಿಟ್ಟು ಮೈಯನ್ನು ಅಳೆಯುತ್ತವೆ.

ಮೊದಲು ಎತ್ತಿದ ಅನುವಾದದ ಪ್ರಶ್ನೆಗೆ ಈಗ ಒಂದು ಉತ್ತರ ಹೇಳಬಹುದು. ಕನ್ನಡಕ್ಕೆ ಬೇಕಾದದ್ದು ಒಂದು ಪದವಲ್ಲ, ಎರಡು. ಬಲಿ, ಮಂಟೇಸ್ವಾಮಿ, ಮಾದಪ್ಪ ‘ಸಾವಿಲ್ಲದವರು’. ಆರ್-ಫರಜೋನನೂ ಅವನ ಪಂಥದವರೂ ‘ಸಾವೊಲ್ಲದವರು’. ‘ಇಲ್ಲ’ ಎಂಬುದು ಒಂದು ಸ್ಥಿತಿ, ‘ಒಲ್ಲೆ’ ಎಂಬುದು ಒಂದು ನಿರಾಕರಣೆ. ಆ ನಿರಾಕರಣೆಯ ಬೆಲೆಯನ್ನು ಬೇರೆಯವರಿಂದ ವಸೂಲು ಮಾಡಿದಾಗ ಕೇಡು ಹುಟ್ಟುತ್ತದೆ. ಇಂಗ್ಲಿಷಿನ ಒಂದೇ ಪದ ಮರೆಸಿದ ಭೇದವನ್ನು ಈ ಎರಡು ಕ್ರಿಯಾರೂಪಗಳು ಎತ್ತಿ ಹಿಡಿಯುತ್ತವೆ. ಎರಡೂ ಗೆಟ್ಟವಾಡಿಯ ಮನೆಮಾತಿನಲ್ಲಿ ಈಗಾಗಲೇ ಇರುವಂಥವು; ಟಂಕಿಸಬೇಕಾದ್ದು ಏನೂ ಇಲ್ಲ. ಮಕ್ಕಳಿಗೆ ತೆರೆಯ ಮೇಲಿನ ಆಟವನ್ನು ಬೇಡವೆನ್ನುವ ಅಗತ್ಯವೂ ಇಲ್ಲ. ಅಲ್ಲಿ ಕಾಣುವ ಕೇಡಿನ ದೇವರು ಸಾವಿಲ್ಲದವನೋ ಸಾವೊಲ್ಲದವನೋ ಎಂದು ಮನೆಯ ಮಾತಿನಲ್ಲಿ ಕೇಳಲು ಅವರಿಗೆ ಬಂದರೆ, ಅಜ್ಜಿಯ ಕತೆ ತನ್ನ ಕೆಲಸ ಮಾಡಿದೆ ಎಂದು ತಿಳಿಯಬಹುದು.